ಹಳೆಯ ಸೇನಾವಾಹನವೂ ಹೊಸ ಟೈರೂ

ಫ್ರಾನ್ಸ್ ದೇಶದ ಉತ್ತರ ಕರಾವಳಿಯ ಒಂದು ಪ್ರಾಂತಕ್ಕೆ ನಾರ್ಮಂಡಿ ಎಂದು ಹೆಸರು. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸೇನೆ ಹಡಗುಗಳಿಂದಿಳಿದು ಕಾಲೂರಿದ ನೆಲ ಅದು. ಪ್ರತಿವರ್ಷ ಆ ದಿನದ ನೆನಪು ಬಂದಾಗ ಅಲ್ಲಿಯ ಸಣ್ಣ ಸಣ್ಣ ಊರುಗಳ ಬೀದಿಗಳಲ್ಲಿ ಒಂದು ವಿಚಿತ್ರ ಜಾತ್ರೆ ನೆರೆಯುತ್ತದೆ. ಆ ಕಾಲದ ಜೀಪುಗಳು, ಲಾರಿಗಳು, ನೀರಿನಲ್ಲೂ ನೆಲದಲ್ಲೂ ಸಾಗಬಲ್ಲ ‘ಡಕ್’ ಎಂಬ ವಾಹನಗಳು ಹಸಿರು ಬಣ್ಣ ಬಳಿಸಿಕೊಂಡು, ಬಿಳಿಯ ನಕ್ಷತ್ರ ಧರಿಸಿ ಸಾಲುಸಾಲಾಗಿ ಹೊರಡುತ್ತವೆ. ಅವುಗಳನ್ನು ನಡೆಸುವವರಲ್ಲಿ ಬಹುಮಂದಿ ಯುದ್ಧವನ್ನು ಕಂಡವರಲ್ಲ. ಅದು ಮುಗಿದು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದವರು. ತಾತನ ಕಾಲದ ಬಂಡಿಯೊಂದನ್ನು ಎಲ್ಲಿಂದಲೋ ಹುಡುಕಿ ತಂದು, ವರ್ಷಗಟ್ಟಲೆ ದುಡಿದು, ಅದಕ್ಕೆ ಮತ್ತೆ ಜೀವ ಬರಿಸಿದವರು. ನೋಡಬಂದ ಜನ ಬಣ್ಣವನ್ನು ಮೆಚ್ಚುತ್ತಾರೆ, ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಗಾಲಿಯ ಕಡೆಗೆ ಕಣ್ಣು ಹಾಯಿಸುವವರು ವಿರಳ. ಆದರೆ ಈ ಕೆಲಸದಲ್ಲಿ ನಿಮ್ಮನ್ನು ಬಹಳವಾಗಿ ಅಲೆದಾಡಿಸಿದ್ದು ಯಾವುದು ಎಂದು ವಾಹನದ ಒಡೆಯನನ್ನು ಕೇಳಿದರೆ, ಅನೇಕ ವೇಳೆ ಆತ ಬೊಟ್ಟು ಮಾಡುವುದು ಕೆಳಗಿರುವ ಆ ಕರಿಯ ರಬ್ಬರಿನ ಕಡೆಗೆ.

ಇದಕ್ಕೆ ಕಾರಣವುಂಟು. ಕಬ್ಬಿಣ ತುಕ್ಕು ಹಿಡಿದರೆ ಉಜ್ಜಿ ತೆಗೆಯಬಹುದು. ಎಂಜಿನ್ನಿನ ಭಾಗವೊಂದು ಮುರಿದಿದ್ದರೆ ಒಳ್ಳೆಯ ಕಸಬುದಾರ ಲೇತಿನ ಮೇಲೆ ಅಂಥದನ್ನೇ ಕಡೆದುಕೊಟ್ಟಾನು. ಮರದ ಹಲಗೆಯನ್ನು ಬಡಗಿ, ಮೇಲುಹೊದಿಕೆಯ ಕ್ಯಾನ್‌ವಾಸನ್ನು ದರ್ಜಿ ಸರಿಪಡಿಸುತ್ತಾರೆ. ಟೈರು ಮಾತ್ರ ಯಾವ ಕುಲುಮೆಯಲ್ಲೂ ಹುಟ್ಟತಕ್ಕದ್ದಲ್ಲ. ಅಷ್ಟೇ ಅಲ್ಲ, ಅದು ಓಡಿದರೆ ಸವೆಯುತ್ತದೆ, ಓಡದೆ ನಿಂತರೂ ಹಾಳಾಗುತ್ತದೆ. ಗಾಳಿಯ ಆಮ್ಲಜನಕವೂ ಓಜೋನ್ ಅನಿಲವೂ ಸೂರ್ಯನ ಬೆಳಕೂ ರಬ್ಬರನ್ನು ಸದ್ದಿಲ್ಲದೆ ತಿನ್ನುತ್ತಿರುತ್ತವೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಮೃದುತ್ವ ಹೋಗುತ್ತದೆ, ಕೊನೆಗೆ ಬೇಸಿಗೆಯ ಕೆರೆಯಂಗಳದ ಹಾಗೆ ಮೈಯೆಲ್ಲ ಬಿರುಕು. ಉಗ್ರಾಣದ ಮೂಲೆಯಲ್ಲಿ ಯಾರೂ ಮುಟ್ಟದೆ ಉಳಿದ ಯುದ್ಧಕಾಲದ ಟೈರೊಂದು ದೊರೆತರೆ, ಕಂಡವನಿಗೆ ನಿಧಿ ಸಿಕ್ಕಿದಷ್ಟು ಸಂತೋಷವಾಗುತ್ತದೆ. ಹೊರಗೆ ನೋಡಿದರೆ ಹೊಸದರಂತೆಯೇ ಇರುತ್ತದೆ. ಗಾಳಿ ತುಂಬಿ, ಭಾರ ಹೊರಿಸಿ, ರಸ್ತೆಗೆ ಬಿಟ್ಟಾಗಲೇ ಒಳಗಿನ ಬಟ್ಟೆ ಸತ್ತುಹೋಗಿದೆಯೆಂಬುದು ಗೊತ್ತಾಗುವುದು. ಆ ಹೊತ್ತಿಗೆ ತಡವಾಗಿರಲೂಬಹುದು.

ಆದ್ದರಿಂದ ಹಳೆಯ ಸೇನಾವಾಹನವನ್ನು ಉಳಿಸಬಯಸುವವನು ಹೊಸ ಟೈರನ್ನು ಹುಡುಕಿ ಹೊರಡಲೇಬೇಕು. ಇದು ಹವ್ಯಾಸಿಗಳ ಸಣ್ಣ ತೊಂದರೆ, ಇದರಲ್ಲಿ ಇತಿಹಾಸಕ್ಕೇನು ಕೆಲಸ ಎಂದು ನೀವು ಕೇಳಬಹುದು. ಇಂದು ಒಬ್ಬೊಬ್ಬ ವ್ಯಕ್ತಿ ಪಡುತ್ತಿರುವ ಈ ಪಾಡನ್ನು 1942ರಲ್ಲಿ ಮಹಾರಾಷ್ಟ್ರಗಳೇ ಪಟ್ಟವು ಎಂಬುದನ್ನು ನೆನೆದರೆ, ಈ ಹುಡುಕಾಟದ ಕಥೆಯೂ ಆ ಯುದ್ಧದ ಕಥೆಯೂ ಬೇರೆಯಲ್ಲವೆಂದು ತೋರುತ್ತದೆ.

ಆ ಕಥೆಗೆ ಸ್ವಲ್ಪ ಹಿಂದಿನಿಂದಲೇ ಬರಬೇಕು. ಬೇಸಿಗೆಯಲ್ಲಿ ಅಂಟಂಟಾಗಿ, ಚಳಿಯಲ್ಲಿ ಪೆಡಸಾಗುತ್ತಿದ್ದ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಸ್ಥಿರವಾದ ಗುಣ ತಾಳುತ್ತದೆಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಆತ 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡ. ಗಾಳಿ ತುಂಬಿದ ಗಾಲಿಯ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದ; ಆದರೆ ಲೋಕ ಅದನ್ನು ಮರೆತುಬಿಟ್ಟಿತು. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದೇ ಉಪಾಯವನ್ನು ಮತ್ತೆ ಕಂಡುಹಿಡಿದದ್ದು 1887ರಲ್ಲಿ, ಹಕ್ಕುಪತ್ರ ಪಡೆದದ್ದು 1888ರಲ್ಲಿ. ಒಂದು ಮಗುವಿನ ಆಟದ ಗಾಡಿಗೆ ಮಾಡಿದ ಉಪಕಾರ ಜಗತ್ತಿಗೆಲ್ಲ ರಬ್ಬರಿನ ಹಸಿವನ್ನು ಹತ್ತಿಸಿತು. ಅದರ ಬೆಲೆಯನ್ನು ತೆತ್ತವರು ಬೇರೆಯವರು. ಬೆಲ್ಜಿಯಮ್ಮಿನ ರಾಜ ಲಿಯೋಪೋಲ್ಡನ ಸ್ವಂತ ಸೊತ್ತಾಗಿದ್ದ ಕಾಂಗೋ ದೇಶದಲ್ಲಿ ಕಾಡುರಬ್ಬರನ್ನು ತರಲಾರದ ಹಳ್ಳಿಗರ ಕೈಗಳನ್ನು ಕಡಿದ ವಿವರಗಳನ್ನು ಓದಿದರೆ ಇಂದಿಗೂ ಮೈ ನಡುಗುತ್ತದೆ.

ಬ್ರೆಜಿಲ್ ದೇಶದ ಕಾಡಿನಿಂದ 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲ ಸುಮಾರು 70,000 ರಬ್ಬರು ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳು ಸಿಂಹಳಕ್ಕೆ ಹೋದವು, ಅವುಗಳ ಸಂತತಿ ಮಲಯಕ್ಕೆ ಹಬ್ಬಿತು. ಸಿಂಗಪುರದ ಸಸ್ಯೋದ್ಯಾನದ ಹೆನ್ರಿ ರಿಡ್ಲಿ ಮರವನ್ನು ಕೊಲ್ಲದೆ, ತೊಗಟೆಯನ್ನು ಹದವಾಗಿ ಗೀರಿ ಹಾಲಿಳಿಸುವ ಕ್ರಮವನ್ನು ತೋಟದವರಿಗೆ ಕಲಿಸಿದ. ಹೀಗೆ ಅರ್ಧ ಶತಮಾನದೊಳಗೆ ಜಗತ್ತಿನ ರಬ್ಬರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿನಷ್ಟು ಏಷ್ಯಖಂಡದ ಆಗ್ನೇಯ ಮೂಲೆಯೊಂದರಿಂದಲೇ ಬರತೊಡಗಿತು. ಎಲ್ಲ ಕಾಳನ್ನೂ ಒಂದೇ ಹಗೇವಿನಲ್ಲಿ ತುಂಬಿಟ್ಟಂತಾಯಿತು.

ಇದರ ಅಪಾಯವೇನೆಂಬುದನ್ನು ಒಂದನೆಯ ಮಹಾಯುದ್ಧವೇ ತೋರಿಸಿಕೊಟ್ಟಿತ್ತು. ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ರಬ್ಬರು ಸಿಗದೆ ಜರ್ಮನಿಯ ಸೇನಾಲಾರಿಗಳು ಯುದ್ಧದ ಕೊನೆಯ ವರ್ಷಗಳಲ್ಲಿ ಕಬ್ಬಿಣದ ಪಟ್ಟಿಯ ಗಾಲಿಗಳ ಮೇಲೆ ಕುಲುಕಾಡುತ್ತ ಓಡಿದವು. ಅಲ್ಲಿಯ ಸೈಕಲ್ಲುಗಳಿಗೆ ಟೈರಿನ ಬದಲು ಉಕ್ಕಿನ ಸುರುಳಿಗಳನ್ನು ಕಟ್ಟಿದರು. ಈ ಪಾಠವನ್ನು ಸೋತವರು ಕಲಿತರು, ಗೆದ್ದವರು ಮರೆತರು.

1941ರ ಡಿಸೆಂಬರಿನಲ್ಲಿ ಜಪಾನಿನ ಸೇನೆ ಮಲಯದ ದಡಕ್ಕೆ ಬಂದಿಳಿಯಿತು. ಅದರ ಪದಾತಿಗಳಲ್ಲಿ ಎಷ್ಟೋ ಜನ ಸೈಕಲ್ಲುಗಳ ಮೇಲೆ ರಬ್ಬರು ತೋಟಗಳ ನಡುವಿನ ದಾರಿಗಳಲ್ಲಿ ನುಗ್ಗಿದರು. ಬಿಸಿಲಿಗೆ ಟೈರು ಒಡೆದರೆ ನಿಲ್ಲುತ್ತಿರಲಿಲ್ಲ. ಬರಿಯ ರಿಮ್ಮಿನ ಮೇಲೆಯೇ ತುಳಿಯುತ್ತಿದ್ದರು. ಇರುಳಿನಲ್ಲಿ ಆ ಲೋಹದ ಗಡಗಡ ಸದ್ದು ಕೇಳಿ ಟ್ಯಾಂಕುಗಳೇ ಬಂದವೆಂದು ಎದುರಾಳಿಗಳು ಭ್ರಮಿಸಿದ್ದುಂಟು. ಜಗತ್ತಿಗೆ ರಬ್ಬರು ಕೊಡುವ ನಾಡನ್ನು ಟೈರಿಲ್ಲದ ಸೈಕಲ್ಲಿನವರು ಗೆದ್ದರೆಂಬುದು ಚರಿತ್ರೆಯ ಚೋದ್ಯಗಳಲ್ಲೊಂದು. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾಯಿತು. ಸಾವಿರಾರು ಭಾರತೀಯ ಸೈನಿಕರು ಅಲ್ಲಿ ಸೆರೆಯಾದರು. ಮಾರ್ಚಿಯಲ್ಲಿ ಜಾವವೂ ಬಿತ್ತು. ಅಮೆರಿಕಕ್ಕೂ ಬ್ರಿಟನ್ನಿಗೂ ಬರುತ್ತಿದ್ದ ರಬ್ಬರಿನ ಹೊಳೆ ಮೂರು ತಿಂಗಳಲ್ಲಿ ಬತ್ತಿಹೋಯಿತು.

ಆಮೇಲಿನ ದೃಶ್ಯವನ್ನು ನೋಡಿ. ಯುದ್ಧಕಾಲದ ಅಮೆರಿಕದಲ್ಲಿ ಮೊಟ್ಟಮೊದಲು ಪಡಿತರಕ್ಕೆ ಬಂದ ವಸ್ತು ಸಕ್ಕರೆಯಲ್ಲ, ಮಾಂಸವಲ್ಲ, ಟೈರು, 1942ರ ಜನವರಿಯಲ್ಲಿ. ಕಾರೊಂದಕ್ಕೆ ಐದು ಟೈರುಗಳನ್ನು ಇಟ್ಟುಕೊಂಡು ಉಳಿದುದನ್ನು ಸರ್ಕಾರಕ್ಕೆ ಮಾರಬೇಕೆಂದು ಆ ವರ್ಷದ ಕೊನೆಯೊಳಗೆ ನಿಯಮವಾಯಿತು. ಜೂನ್ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಬಾನುಲಿಯ ಮೂಲಕ ಜನರನ್ನು ಬೇಡಿಕೊಂಡರು: ಮನೆಯಲ್ಲಿರುವ ಹಳೆಯ ರಬ್ಬರನ್ನೆಲ್ಲ ಪೆಟ್ರೋಲ್ ಬಂಕಿಗೆ ತಂದೊಪ್ಪಿಸಿರಿ, ಪೌಂಡಿಗೆ ಒಂದು ಸೆಂಟು ಕೊಡುತ್ತೇವೆ. ಜನ ಹಳೆಯ ಟೈರು, ಮಳೆಯಂಗಿ, ತೋಟಕ್ಕೆ ನೀರು ಬಿಡುವ ಕೊಳವೆ, ಸ್ನಾನದ ಟೋಪಿ ಎಲ್ಲವನ್ನೂ ತಂದು ರಾಶಿ ಹಾಕಿದರು. ನಾಲ್ಕು ಲಕ್ಷ ಟನ್ನಿಗೂ ಮಿಗಿಲಾಗಿ ಕೂಡಿತಾದರೂ ಒಮ್ಮೆ ಬಳಸಿದ ರಬ್ಬರಿನಿಂದ ಒಳ್ಳೆಯ ಟೈರು ಬರುವುದು ಕಷ್ಟ. ಬರ್ನಾರ್ಡ್ ಬರೂಕ್ ಎಂಬ ಹಿರಿಯರ ಅಧ್ಯಕ್ಷತೆಯ ಸಮಿತಿ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ ಪೆಟ್ರೋಲು ಧಾರಾಳವಾಗಿದ್ದ ಪ್ರಾಂತಗಳಲ್ಲಿಯೂ ಪೆಟ್ರೋಲಿಗೆ ಪಡಿತರ ಬಂದಿತು, ಗಂಟೆಗೆ 35 ಮೈಲಿಗಿಂತ ವೇಗವಾಗಿ ಯಾರೂ ಓಡಿಸಕೂಡದೆಂದಾಯಿತು. ಎಣ್ಣೆಯನ್ನು ಉಳಿಸುವುದಕ್ಕಲ್ಲ, ಟೈರನ್ನು ಉಳಿಸುವುದಕ್ಕೆ.

ನಮ್ಮ ದೇಶಕ್ಕೂ ಈ ಬಿಸಿ ತಟ್ಟದೆ ಇರಲಿಲ್ಲ. ಮಲಯ ಕೈಬಿಟ್ಟ ಮೇಲೆ ಮಿತ್ರರಾಷ್ಟ್ರಗಳ ಪಾಲಿಗೆ ಸಿಂಹಳದ ತೋಟಗಳೂ ತಿರುವಾಂಕೂರಿನ ತೋಟಗಳೂ ಕಾಮಧೇನುವಾದವು. ಸಿಂಹಳದಲ್ಲಿ ಎಷ್ಟೋ ಮರಗಳನ್ನು ನಾಳೆಯ ಚಿಂತೆಯಿಲ್ಲದೆ ಗೀರಿ, ಇದ್ದಷ್ಟನ್ನೂ ಹಿಂಡಿಕೊಂಡರು. ಕಲ್ಕತ್ತೆಯ ಸಮೀಪದ ಸಹಾಗಂಜಿನಲ್ಲಿ 1936ರಿಂದ ನಡೆಯುತ್ತಿದ್ದ ಡನ್ಲಪ್ ಕಾರ್ಖಾನೆ ಸೇನೆಗಾಗಿ ದುಡಿಯಿತು. ನಮ್ಮ ಕಡೆಯ ಹಿರಿಯರು ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದ ಆ ಕಾಲದ ಬಸ್ಸುಗಳನ್ನು ನೆನೆಸಿಕೊಂಡು ನಗುತ್ತಿದ್ದುದನ್ನು ನಾವೆಲ್ಲ ಕೇಳಿದ್ದೇವೆ. ಪೆಟ್ರೋಲಿಗೆ ಇದ್ದಲು ಬದಲಾಗಿ ಬಂತು. ಟೈರಿಗೆ ಅಂಥ ಸುಲಭವಾದ ಬದಲೇ ಇರಲಿಲ್ಲ.

ಬದಲನ್ನು ರಸಾಯನಶಾಸ್ತ್ರ ಕೊಡಬೇಕಾಯಿತು. ಬ್ಯೂಟಾಡೈಈನ್ ಮತ್ತು ಸ್ಟೈರೀನ್ ಎಂಬ ಎರಡು ದ್ರವ್ಯಗಳನ್ನು ಸಂಯೋಗಿಸಿ ಕೃತಕ ರಬ್ಬರನ್ನು ಮಾಡುವ ಕಾರ್ಖಾನೆಗಳನ್ನು ಅಮೆರಿಕ ಎರಡು ಮೂರು ವರ್ಷಗಳಲ್ಲಿ ಎಬ್ಬಿಸಿತು. 1945ರಲ್ಲಿ ಅವುಗಳ ಉತ್ಪಾದನೆ ಏಳು ಲಕ್ಷ ಟನ್ನನ್ನು ಮೀರಿತು. ಈ ರಬ್ಬರಿಗೆ ಒಂದು ದೋಷವಿತ್ತು: ಭಾರದ ಲಾರಿಯ ದಪ್ಪ ಟೈರಿನಲ್ಲಿ ಅದು ಬೇಗ ಕಾಯುತ್ತಿತ್ತು. ಆದಕಾರಣ ಉಳಿದಿದ್ದ ಅಷ್ಟಿಷ್ಟು ಮರದ ರಬ್ಬರನ್ನು ಚಿನ್ನದಂತೆ ತೂಗಿ ಬೆರೆಸಬೇಕಾಗುತ್ತಿತ್ತು.

ಜರ್ಮನಿ ಇದಕ್ಕೂ ಮೊದಲೇ ‘ಬೂನಾ’ ಎಂಬ ಕೃತಕ ರಬ್ಬರನ್ನು ಸಾಧಿಸಿತ್ತು. ಆದರೆ ಅದಕ್ಕಾಗಿ ಅಲ್ಲಿ ನಡೆದುದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹೊಸ ಬೂನಾ ಕಾರ್ಖಾನೆಯೊಂದನ್ನು ಐ. ಜಿ. ಫಾರ್ಬೆನ್ ಸಂಸ್ಥೆ ಕಟ್ಟಿಸತೊಡಗಿದ್ದು ಆಶ್ವಿಟ್ಸ್ ಬಳಿಯ ಮೊನೊವಿಟ್ಸ್‌ನಲ್ಲಿ. ಕೂಲಿಗಳಾಗಿ ದುಡಿದವರಲ್ಲಿ ಸೆರೆಶಿಬಿರದ ಯಹೂದಿಗಳು ಸಹಸ್ರಾರು. ಇಟಲಿಯ ಲೇಖಕ ಪ್ರಿಮೋ ಲೆವಿ ಅಲ್ಲಿ ಬದುಕಿ ಉಳಿದವರಲ್ಲಿ ಒಬ್ಬರು. ವೃತ್ತಿಯಿಂದ ಅವರು ರಸಾಯನಶಾಸ್ತ್ರಜ್ಞರು. ಹಸಿವಿನಿಂದ, ಚಳಿಯಿಂದ, ಹೊಡೆತದಿಂದ ಸಾವಿರಾರು ಜನ ಸತ್ತರು. ದುಡಿಯಲಾರದಷ್ಟು ಬಳಲಿದವರನ್ನು ಬಿರ್ಕೆನೌ ಶಿಬಿರದ ಅನಿಲಗೃಹಗಳಿಗೆ ಕಳುಹಿಸಿದರು. ಆ ಕಾರ್ಖಾನೆಯಿಂದ ಯುದ್ಧ ಮುಗಿಯುವವರೆಗೂ ಒಂದು ತುಂಡು ರಬ್ಬರೂ ಹೊರಬರಲಿಲ್ಲ.

ಇಷ್ಟೆಲ್ಲ ಕಷ್ಟದಿಂದ ಮಾಡಿದ ಟೈರು ರಣರಂಗದಲ್ಲಿ ಎಷ್ಟು ದಿನ ಬಾಳುತ್ತಿತ್ತು? 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಹೆಸರಿನ ಲಾರಿ ಸಾಲು ಹಗಲಿರುಳು ಓಡಿತು. ಮುಂದೆ ನುಗ್ಗುತ್ತಿದ್ದ ಸೇನೆಗೆ ಎಣ್ಣೆ, ಮದ್ದುಗುಂಡು, ಆಹಾರ ಮುಟ್ಟಿಸುವುದು ಅದರ ಕೆಲಸ. ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ ನೀಗ್ರೋ ಜನಾಂಗದವರು, ಎಂದರೆ ಇಂದು ನಾವು ಗೌರವದಿಂದ ಆಫ್ರಿಕನ್ ಅಮೆರಿಕನರೆಂದು ಕರೆಯುವವರು. ಬಿಳಿಯರೊಡನೆ ಒಂದೇ ತುಕಡಿಯಲ್ಲಿ ಸೇರಿಸಿಕೊಳ್ಳದಿದ್ದ ಸೇನೆ ತನ್ನ ಉಸಿರನ್ನು ಅವರ ಕೈಗೆ ಒಪ್ಪಿಸಿತ್ತು. ಬಳಸುತ್ತಿದ್ದ ಜಿ. ಎಂ. ಸಿ. ಲಾರಿಯೊಂದಕ್ಕೆ ಮುಂದೆ ಎರಡು, ಹಿಂದೆ ಎಂಟು, ಒಟ್ಟು ಹತ್ತು ಟೈರು. ಸೈನಿಕರು ಉಂಡು ಬಿಸಾಡಿದ ತಗಡಿನ ಡಬ್ಬಿಗಳ ಹರಿತವಾದ ಅಂಚುಗಳೇ ರಸ್ತೆಯುದ್ದಕ್ಕೂ ಟೈರನ್ನು ಸೀಳಿದವು. ಮಿತಿಮೀರಿದ ಭಾರ, ಮಿತಿಮೀರಿದ ವೇಗ ಉಳಿದುದನ್ನು ಮುಗಿಸಿದವು. ಶತ್ರುವಿನ ಗುಂಡಿಗಿಂತ ಬಡ ಡಬ್ಬಿಯೇ ಸೇನಾಪತಿಗಳ ನಿದ್ದೆಗೆಡಿಸಿತೆಂದರೆ ಉತ್ಪ್ರೇಕ್ಷೆಯಾಗದು.

ಯುದ್ಧ ಮುಗಿಯಿತು. ಬೇಡವಾದ ವಾಹನಗಳನ್ನು ಸರ್ಕಾರಗಳು ಹರಾಜು ಹಾಕಿದವು. ನಮ್ಮಲ್ಲಿಯೂ ‘ಡಿಸ್ಪೋಸಲ್ ಮಾಲು’ ಎಂಬ ಹೆಸರಿನಲ್ಲಿ ಜೀಪು, ಲಾರಿಗಳು ಕಂಟ್ರಾಕ್ಟರರ, ತೋಟಗಾರರ ಕೈಗೆ ಬಂದವು. ಆಗಿನಿಂದ ಒಂದೊಂದು ಟೈರಿನ ಅಳತೆಗೂ ಒಂದೊಂದು ಹಣೆಬರಹ. ಜೀಪಿನ ಟೈರಿನ ಪಕ್ಕದಲ್ಲಿ 6.00-16 ಎಂದು ಬರೆದಿರುತ್ತದೆ. ಸುಮಾರು ಆರು ಅಂಗುಲ ಅಗಲ, ಹದಿನಾರು ಅಂಗುಲ ಅಡ್ಡಳತೆಯ ರಿಮ್ಮು ಎಂದು ಅದರ ಅರ್ಥ. ಆರು ಲಕ್ಷಕ್ಕೂ ಮಿಗಿಲಾಗಿ ತಯಾರಾದ ಆ ಜೀಪಿನ ವಂಶ ಶಾಂತಿಕಾಲದಲ್ಲಿಯೂ ಬೆಳೆಯಿತು. ಮುಂಬಯಿಯಲ್ಲಿ ಮಹೀಂದ್ರಾ ಸಂಸ್ಥೆ 1947ರ ವೇಳೆಗೆ ಜೀಪುಗಳನ್ನು ಜೋಡಿಸತೊಡಗಿತು. ಅಮಲ್ದಾರರಿಗೂ ಅರಣ್ಯಾಧಿಕಾರಿಗಳಿಗೂ ಅದೇ ವಾಹನವಾಯಿತು. ಅದೇ ಅಳತೆಯ ಟೈರು ಟ್ರಾಕ್ಟರಿನ ಮುಂಗಾಲಿಗೂ ಹೊಂದಿತು. ಹೀಗಾಗಿ ಆ ಅಳತೆ ಸಾಯಲಿಲ್ಲ. ‘ಡಕ್’ ವಾಹನಕ್ಕೆ ಬೇಕಾದ 11.00-18 ಟೈರಿನ ಗತಿ ಬೇರೆ. ಮರಳದಂಡೆಯ ಮೇಲೆ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಇಳಿಸಿ, ಗಟ್ಟಿನೆಲಕ್ಕೆ ಬಂದೊಡನೆ ಏರಿಸುವಂಥ ಚಮತ್ಕಾರವನ್ನು ಆ ವಾಹನದಲ್ಲಿ ಅಳವಡಿಸಿದ್ದರು. ಆದರೆ ಅಂಥ ಟೈರನ್ನು ಬೇಡುವ ಲಾರಿ, ಟ್ರಾಕ್ಟರುಗಳು ಮುಂದೆ ಹೆಚ್ಚಾಗಿ ಬರಲಿಲ್ಲವಾದ್ದರಿಂದ ಅದು ಅಪರೂಪವಾಯಿತು. ಬ್ರಿಟಿಷ್, ಕೆನಡ ಸೇನೆಗಳ ಲಾರಿಗಳಿಗೆ ಹಾಕುತ್ತಿದ್ದ 10.50-16ರ ಕಥೆಯೂ ಇದೇ. ಯುದ್ಧದ ವಸ್ತು ಉಳಿಯಬೇಕಾದರೆ ಶಾಂತಿಯಲ್ಲಿ ಅದಕ್ಕೊಂದು ಉದ್ಯೋಗ ದೊರಕಬೇಕು.

ಕೇವಲ ಅಳತೆ ಹೊಂದಿದರೆ ಸಾಲದು. ಅಮೆರಿಕದ ಸೇನಾಟೈರಿನ ಮೈಮೇಲೆ ಮುಂದಕ್ಕೂ ಹಿಂದಕ್ಕೂ ಒಂದೇ ಹಿಡಿತ ಕೊಡುವ ದಪ್ಪ ಉಬ್ಬುಗಳಿದ್ದವು. ಯಾವ ಟೈರನ್ನು ಯಾವ ಗಾಲಿಗಾದರೂ ಹಾಕಬಹುದಾಗಿತ್ತು. ಜಾಡನ್ನು ನೋಡಿ ವಾಹನ ಯಾವ ದಿಕ್ಕಿಗೆ ಹೋಯಿತೆಂದು ಶತ್ರು ಹೇಳಲಾರ ಎಂಬ ಐತಿಹ್ಯವೂ ಹುಟ್ಟಿಕೊಂಡಿತು. ಆ ಉಬ್ಬುಗಳಿಲ್ಲದ ಜೀಪು, ಚಿತ್ರಗಳಲ್ಲಿ ಅದನ್ನು ಕಂಡವರ ಕಣ್ಣಿಗೆ ಪರಕೀಯವಾಗಿ ತೋರುತ್ತದೆ. ಉಬ್ಬು, ಅಕ್ಷರ, ಅಂಕಿ ಇವೆಲ್ಲ ಮೂಡುವುದು ಉಕ್ಕಿನ ಅಚ್ಚಿನಲ್ಲಿ. ರಬ್ಬರು ಲೇಪಿಸಿದ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಓರೆಯಾಗಿ ಸುತ್ತಿ, ಅಂಚಿಗೆ ಉಕ್ಕಿನ ತಂತಿಯ ಬಳೆ ಕೂಡಿಸಿ, ಅಚ್ಚಿನಲ್ಲಿಟ್ಟು ಒತ್ತಿ ಬೇಯಿಸುತ್ತಾರೆ. 1940ರ ದಶಕದ ಕೊನೆಗೆ ಫ್ರಾನ್ಸಿನ ಮಿಷೆಲಿನ್ ಸಂಸ್ಥೆ ತಂದ ರೇಡಿಯಲ್ ಟೈರು ಕ್ರಮೇಣ ಲೋಕವನ್ನೆಲ್ಲ ವ್ಯಾಪಿಸಿದಾಗ ಹಳೆಯ ಅಚ್ಚುಗಳಿಗೆ ಕೆಲಸವಿಲ್ಲದಾಯಿತು. ಎಷ್ಟೋ ಅಚ್ಚುಗಳು ಗುಜರಿಗೆ ಹೋದವು. ಉಳಿದವುಗಳ ಬೆಲೆ ಕೆಲವರಿಗೆ ತಿಳಿಯಿತು. ಅಮೆರಿಕದ ಟೆನೆಸೀ ರಾಜ್ಯದಲ್ಲಿ 1958ರಲ್ಲಿ ಆರಂಭವಾದ ಕೋಕರ್ ಸಂಸ್ಥೆ ಪುರಾತನ ವಾಹನಗಳ ಟೈರನ್ನು ಹಳೆಯ ರೂಪದಲ್ಲಿಯೇ ಮಾಡಿಸಿ ಮಾರುವುದರಲ್ಲಿ ಹೆಸರಾಯಿತು. ಅಚ್ಚು ಇದ್ದರೂ ನಾಲ್ಕು ಟೈರಿಗಾಗಿ ಯಾರೂ ಯಂತ್ರವನ್ನು ಬಿಸಿಮಾಡುವುದಿಲ್ಲ. ನೂರಾರು ಜನ ಒಟ್ಟುಗೂಡಿ ಬೇಡಬೇಕು. ಹಾಗೆ ಬೇಡುವವರಿಲ್ಲದ ಅಳತೆ ಅಲ್ಲಿಗೆ ಮುಗಿದಂತೆಯೇ.

ಈ ಹೊಸ ಟೈರು ಹಾಕಿದ ಮೇಲೆ ಜೀಪು ನಿಜವಾದ ಹಳೆಯ ಜೀಪಾಗಿ ಉಳಿಯಿತೆ ಎಂಬ ತಕರಾರು ಬಲ್ಲವರಲ್ಲಿ ಇದ್ದೇ ಇದೆ. ಯುದ್ಧ ಕಂಡ ಟೈರನ್ನೇ ಉಳಿಸಬೇಕು, ಬಿರುಕು ಬಿಟ್ಟರೂ ಸರಿಯೆ, ಎನ್ನುವವರುಂಟು. ವಸ್ತುಸಂಗ್ರಹಾಲಯದಲ್ಲಿ ಕಟ್ಟೆಯ ಮೇಲೆ ನಿಲ್ಲಿಸುವ ವಾಹನಕ್ಕೆ ಆ ವಾದ ಒಪ್ಪುತ್ತದೆ. ಅಲ್ಲಿಯೂ ಅಚ್ಚಿಗೆ ಆಧಾರ ಕೊಟ್ಟು ಗಾಲಿಯ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ರಸ್ತೆಗೆ ಇಳಿಯುವ ವಾಹನದ ಮಾತೇ ಬೇರೆ. ಆ ಕಾಲದ ಜೀಪಿನ ರಿಮ್ಮು ಎರಡು ಹೋಳುಗಳನ್ನು ಬೋಲ್ಟುಗಳಿಂದ ಬಿಗಿದದ್ದು. ಗಾಳಿಯನ್ನು ಪೂರ್ತಿ ಬಿಡದೆ ಆ ಬೋಲ್ಟುಗಳನ್ನು ಸಡಿಲಿಸಿದರೆ ಹೋಳುಗಳು ಗುಂಡಿನಂತೆ ಸಿಡಿದು ಆಳನ್ನೇ ಕೊಲ್ಲಬಲ್ಲವು. ಅದರ ಮೇಲೆ ಸತ್ತ ಟೈರನ್ನು ಏರಿಸಿ, ಮಕ್ಕಳನ್ನು ಕೂರಿಸಿಕೊಂಡು ಮೆರವಣಿಗೆ ಹೊರಡುವುದು ಚರಿತ್ರೆಯ ಮೇಲಿನ ಪ್ರೀತಿಯಲ್ಲ, ಅವಿವೇಕ. ನಮ್ಮ ದೇವಾಲಯಗಳ ತೇರನ್ನು ನೆನೆಯಿರಿ. ಗಾಲಿ ಶಿಥಿಲವಾದರೆ ಹಳೆಯ ಅಳತೆಗೆ ಸರಿಯಾಗಿ ಹೊಸದನ್ನು ಕಡೆಸಿ ಹಾಕುತ್ತೇವೆ. ಹಗ್ಗವೂ ಹೊಸದೇ. ಆದರೂ ಊರಿನವರ ಪಾಲಿಗೆ ಅದು ಹಿರಿಯರು ಎಳೆದ ತೇರೇ. ಎಳೆಯುವವರ ತಲೆಯ ಮೇಲೆ ಅದು ಉರುಳದಿರಲಿ ಎಂಬ ಎಚ್ಚರವೂ ಭಕ್ತಿಯ ಒಂದು ಭಾಗ.

ನಾರ್ಮಂಡಿಗೆ ಹೋಗಿ ಆ ಮೆರವಣಿಗೆಯನ್ನು ನೋಡುವ ಅವಕಾಶ ನಮ್ಮಲ್ಲಿ ಹೆಚ್ಚು ಜನರಿಗೆ ಸಿಗಲಾರದು. ಅದಕ್ಕಾಗಿ ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಹಳ್ಳಿಯ ದಾರಿಯಲ್ಲಿ, ಸಂತೆಯ ಬಯಲಿನಲ್ಲಿ ಎಲ್ಲಿಯಾದರೂ ಟ್ರಾಕ್ಟರು ನಿಂತಿದ್ದರೆ ಅದರ ಮುಂದಿನ ಗಾಲಿಯ ಪಕ್ಕಕ್ಕೆ ಬಗ್ಗಿ ನೋಡಿ. ಮಣ್ಣನ್ನು ಒರೆಸಿದರೆ ಎಷ್ಟೋ ವೇಳೆ ಅಲ್ಲಿ 6.00-16 ಎಂಬ ಅಂಕಿ ಕಾಣಿಸುತ್ತದೆ. ಕಾಂಗೋದ ಕಾಡು, ಮಲಯದ ತೋಟ, ಮೊನೊವಿಟ್ಸ್‌ನ ಸೆರೆ, ಫ್ರಾನ್ಸಿನ ರಾತ್ರಿಯ ರಸ್ತೆ, ಇವೆಲ್ಲವನ್ನೂ ಹಿಂದೆ ಬಿಟ್ಟು ಬಂದ ರಬ್ಬರಿನ ಗಾಲಿ ಈಗ ರೈತನ ಹೊಲದ ಕಡೆಗೆ ಉರುಳುತ್ತಿದೆ. ಅದು ಅಲ್ಲಿ ಉರುಳುತ್ತಿರುವುದರಿಂದಲೇ ಹಳೆಯ ಜೀಪಿಗೂ ಇಂದು ಟೈರು ಸಿಗುತ್ತಿದೆ.